ಸದ್ದು ಜಾಸ್ತಿ ಆದರೆ ಪಿಕಪ್ ಜಾಸ್ತಿ ಆಯ್ತಾ?

ಪ್ರಶ್ನೆ: ನನ್ನದು 1.2 ಲೀಟರ್ ಪೆಟ್ರೋಲ್ ಕಾರು. ಸ್ನೇಹಿತನೊಬ್ಬ ತನ್ನ ಕಾರಿನ ಏರ್ ಬಾಕ್ಸ್ (ಗಾಳಿ ಸೋಸುವ ಫಿಲ್ಟರ್ ಇರುವ ಡಬ್ಬಿ) ತೆಗೆಸಿ, ಶಂಕುವಿನ ಆಕಾರದ ಕೋನ್ ಫಿಲ್ಟರ್ ಕಿಟ್ ಹಾಕಿಸಿದ್ದಾನೆ. ಪಿಕಪ್ಪೂ ಮೈಲೇಜೂ ಎರಡೂ ಏರಿವೆ ಅಂತಾನೆ. ತೊಳೆದು ತೊಳೆದು ಬಳಸಬಹುದು, ಹೊಸದರ ಖರ್ಚೇ ಇರಲ್ಲ ಅಂತ ಅಂಗಡಿಯವರು. ನಾನೂ ಹಾಕಿಸಲೇ? ದಿನಾ ಹೊಸಪೇಟೆಗೆ ಓಡಾಟ.
– ಓದುಗರು, ಸಂಡೂರು

ಉತ್ತರ: ಬೇಡ. ಅದೂ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಗೆ ಖಂಡಿತ ಬೇಡ.

ನಿಮ್ಮ ಸ್ನೇಹಿತರೇನೂ ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸಿರುತ್ತದೆ. ಇಂಜಿನ್ ಗಾಳಿ ಎಳೆಯುವ ಸದ್ದನ್ನು ಅಡಗಿಸುವುದೂ ಏರ್ ಬಾಕ್ಸಿನದೇ ಕೆಲಸ. ಅದನ್ನು ಕಿತ್ತರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ ಒಳಗಿಂದ ಗುರ್ ಅನ್ನುತ್ತದೆ, ಗುರ್ ಅಂದ ಮೇಲೆ ಗಾಡಿ ಜೋರಾಗಿ ಹೋದ ಹಾಗೆ ಅನ್ನಿಸದೆ ಇರುತ್ತದಾ?

ಲೆಕ್ಕ ನೋಡಿ. ಎರಡು ಸುತ್ತಿಗೊಮ್ಮೆ ನಿಮ್ಮ ಇಂಜಿನ್ 1.2 ಲೀಟರ್ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6,000 ಸುತ್ತು) ಪೂರ್ತಿ ಒತ್ತಿದರೂ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್. ಕಂಪನಿಯವರು ಫಿಲ್ಟರ್ ಅಳತೆ ಇಟ್ಟಿರುವುದೇ ಇದನ್ನು ನೋಡಿಕೊಂಡು. ಇನ್ನು ನೀವು ದಿನಾ ಓಡಿಸುವುದು 2,000 ಚಿಲ್ಲರೆ ಆರ್‌ಪಿಎಂನಲ್ಲಿ, ಅದೂ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಅರ್ಧಕ್ಕಿಂತ ಜಾಸ್ತಿ ಮುಚ್ಚಿಕೊಂಡೇ. ಅಂದರೆ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲ್, ಫಿಲ್ಟರ್ ಅಲ್ಲ. ಮೈಲೇಜ್ ಕತೆಯೂ ಅಷ್ಟೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಈಗಿನ ಇಂಜೆಕ್ಷನ್ ಗಾಡಿಗಳನ್ನು ಪರೀಕ್ಷೆ ಮಾಡಿದಾಗ, ಕಟ್ಟಿಕೊಂಡ ಫಿಲ್ಟರ್‌ನಿಂದ ಪಿಕಪ್ ಕಮ್ಮಿ ಆಯಿತೇ ಹೊರತು ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಟ್ಟಿಕೊಂಡ ಫಿಲ್ಟರ್‌ನಿಂದಲೇ ಮೈಲೇಜ್ ಇಳಿಯದ ಮೇಲೆ, ಗಾಳಿ ಸಲೀಸಾಗಿ ಬಿಡುವ ಫಿಲ್ಟರ್‌ನಿಂದ ಏರುವುದೆಲ್ಲಿಂದ?

ಇನ್ನೊಂದು ತಮಾಷೆ. ಬಹಳಷ್ಟು ಕಾರುಗಳಲ್ಲಿ ಏರ್ ಬಾಕ್ಸಿನ ಮೂತಿ ಮುಂದಿನ ಗ್ರಿಲ್ ಹತ್ತಿರ ಇರುತ್ತದೆ, ಹೊರಗಿನ ತಣ್ಣನೆ ಗಾಳಿ ಸಿಗಲಿ ಅಂತ. ಬರೀ ಕೋನ್ ಹಾಕಿದರೆ ಅದು ಇಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಬಳ್ಳಾರಿ ಕಡೆಯ ಏಪ್ರಿಲ್‌ನಲ್ಲಿ ಯೋಚನೆ ಮಾಡಿ! ತಣ್ಣನೆ ಗಾಳಿಗೆಂದು ಪೈಪನ್ನು ಬಂಪರ್ ಕೆಳಗೆ ಇಳಿಸುವ ಕಿಟ್‌ಗಳೂ ಇವೆ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್‌ಗೆ ನುಗ್ಗಿದರೆ ನೀರು ಸೀದಾ ಸಿಲಿಂಡರ್‌ಗೆ, ಕನೆಕ್ಟಿಂಗ್ ರಾಡ್ ಬಗ್ಗಿ ಇಂಜಿನ್ನೇ ಬಿಚ್ಚಬೇಕಾಗುತ್ತದೆ.

ನಿಮಗೆ ಮುಖ್ಯವಾದದ್ದು ಧೂಳು. ಇಂಥ ತೊಳೆದು ಬಳಸುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವ, ಎಣ್ಣೆ ಹಚ್ಚಿದ ಹತ್ತಿಬಟ್ಟೆಯ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ ನಿಜ, ಆದರೆ ಸಣ್ಣ ಧೂಳನ್ನು ಹಿಡಿಯುವುದರಲ್ಲಿ ಒಳ್ಳೆ ಕಾಗದದ ಫಿಲ್ಟರ್‌ನದೇ ಮೇಲುಗೈ. ಒಳಗೆ ಹೋದ ಧೂಳು ಇಂಜಿನ್ ಆಯಿಲ್ ಜೊತೆ ಸೇರಿ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಎರಡನ್ನೂ ಸವೆಸುತ್ತದೆ. ಸ್ನೇಹಿತರ ಕಾರಿನಲ್ಲೇ ನೋಡಬಹುದು: ಇಂಜಿನ್ ಆಫ್ ಮಾಡಿ, ಫಿಲ್ಟರ್ ಬಿಚ್ಚಿ, ಅದರ ಹಿಂದಿನ ಪೈಪ್ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪಗೆ ಬಂದರೆ, ಬೆರಳಿಗೆ ಮರಳು ಮರಳಾಗಿ ಸಿಕ್ಕರೆ, ಅವರಿಗೂ ತೋರಿಸಿ. ತೊಳೆದ ಮೇಲೆ ಎಣ್ಣೆ ಕಮ್ಮಿ ಬಿದ್ದರೆ ಧೂಳು ನುಸುಳುತ್ತದೆ, ಜಾಸ್ತಿ ಬಿದ್ದರೆ ಗಾಳಿ ಅಳೆಯುವ ಸೆನ್ಸರ್‌ಗೆ ಮೆತ್ತಿಕೊಂಡು ಚೆಕ್ ಇಂಜಿನ್ ಲೈಟ್ ಹೊತ್ತಿಕೊಳ್ಳಬಹುದು. ಇಷ್ಟೆಲ್ಲ ರಗಳೆ ಯಾಕೆ, ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಲಿಕ್ಕಾ?

ಟರ್ಬೊ ಗಾಡಿಗೆ ಟ್ಯೂನಿಂಗ್ ಮಾಡಿಸಿ ಟ್ರ್ಯಾಕ್‌ನಲ್ಲಿ ಓಡಿಸುವವರ ಮಾತು ಬೇರೆ.

ಪ್ರಶ್ನೆ: ಕಾಗದದ ಫಿಲ್ಟರ್‌ಗೆ ಮೆಕ್ಯಾನಿಕ್ ಪ್ರತಿ ಸಲ ಏರ್ ಹೊಡೆದು ಅದನ್ನೇ ಹಾಕುತ್ತಾರೆ. ಸರಿಯಾ?
– ಓದುಗರು, ಚಿತ್ರದುರ್ಗ

ಉತ್ತರ: ಪಂಕ್ಚರ್ ಅಂಗಡಿಯ ಏರ್ ಪೈಪ್ ಹಿಡಿದು ಹತ್ತಿರದಿಂದ ಹೊಡೆದರೆ ಕಾಗದ ಹರಿಯುತ್ತದೆ. ಹೊಡೆಯಲೇಬೇಕಿದ್ದರೆ ದೂರದಿಂದ, ಮೆಲ್ಲಗೆ, ಶುದ್ಧ ಇರುವ ಕಡೆಯಿಂದ ಕೊಳೆ ಕಡೆಗೆ. ನೀರಂತೂ ತಾಗಿಸಬೇಡಿ. ಹೊಡೆದ ಮೇಲೆ ಬಲ್ಬ್ ಮುಂದೆ ಹಿಡಿಯಿರಿ, ಎಲ್ಲಾದರೂ ಸೂಜಿ ತೂತಿನಷ್ಟು ಬೆಳಕು ಚುಚ್ಚಿದರೂ ಎಸೆಯಿರಿ. ಸುಮ್ನೆ ಮೇಲಿಂದ ಮೇಲೆ ಬಿಚ್ಚಲೂಬೇಡಿ. ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮ್ಯಾನುಯಲ್‌ನಲ್ಲಿ ಧೂಳಿನ ರಸ್ತೆಗೆ ಅಂತ ಬೇರೆ ಕಿಲೋಮೀಟರ್ ಕೊಟ್ಟಿರುತ್ತಾರೆ, ಅದನ್ನು ನೋಡಿ ಬದಲಾಯಿಸಿ. ಹೊಸದು ಹಾಕುವಾಗ ಅಂಚಿನ ರಬ್ಬರ್ ಸುತ್ತಲೂ ಸರಿಯಾಗಿ ಕೂತಿದೆಯಾ, ಕ್ಲಿಪ್‌ಗಳೆಲ್ಲ ಬಿದ್ದಿವೆಯಾ ಅಂತ ನೀವೇ ಕೈಯಾಡಿಸಿ ನೋಡಿ.