ಹಸಿರು ಬಂತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ

ಪ್ರಶ್ನೆ: ಮೆಕ್ಕೆಜೋಳದ ಆರ್‌ಎನ್‌ಎ ಡೇಟಾವನ್ನು ಗ್ಯಾಲಕ್ಸಿ ಎಂಬ ಜೀನ್ ಡೇಟಾ ವಿಶ್ಲೇಷಣೆಯ ವೆಬ್‌ಸೈಟಿಗೆ ಹಾಕಿದೆ. ರೀಡ್‌ಗಳನ್ನು (ಸೀಕ್ವೆನ್ಸಿಂಗ್ ಯಂತ್ರ ಓದಿದ ತುಣುಕುಗಳನ್ನು) ಜೀನೋಮಿನಲ್ಲಿ ಕೂರಿಸುವ ಹೈಸ್ಯಾಟ್2, ಅವನ್ನು ಜೀನ್‌ವಾರು ಎಣಿಸುವ ಎಚ್‌ಟಿಸೆಕ್-ಕೌಂಟ್ ಎಲ್ಲವೂ ಹಸಿರಾದವು. ಆದರೆ ಒಂದೊಂದು ಜೀನ್ ಎದುರಿಗೂ ಸೊನ್ನೆ. ಸ್ಯಾಂಪಲ್ ಕೆಟ್ಟಿದೆಯಾ ಸರ್?
— ಎಂಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸ್ಯಾಂಪಲ್ ಕೆಟ್ಟಿಲ್ಲಮ್ಮ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ, ಪಾಪ ಸೀಕ್ವೆನ್ಸಿಂಗ್ ಮಾಡಿದವರನ್ನು ಬೈಯುತ್ತಾರೆ. ಹಸಿರು ಅಂದರೆ ಟೂಲ್ ತನ್ನ ಕೆಲಸ ಮುಗಿಸಿತು, ಅಷ್ಟೇ. ನೀವು ಕೊಟ್ಟ ಫೈಲ್ ಸರಿಯಾದದ್ದಾ ಅಂತ ಅದು ನೋಡುವುದಿಲ್ಲ.

ಮೊದಲು ಹೈಸ್ಯಾಟ್2 ವರದಿಯ ಕೊನೆಯ ಸಾಲು ನೋಡಿ. ಶೇ 90ರ ಆಸುಪಾಸು ಇದ್ದರೆ ರೀಡ್‌ಗಳು ಜೀನೋಮಿನಲ್ಲಿ ಚೆನ್ನಾಗಿಯೇ ಕೂತಿವೆ. ಈಗ ಕಣ್ಣಿನ ಗುರುತು ಒತ್ತಿ ಜಿಟಿಎಫ್ ಫೈಲ್ (ಯಾವ ಜೀನ್ ಎಲ್ಲಿದೆ ಅನ್ನುವ ಪಟ್ಟಿ) ತೆರೆಯಿರಿ. ಮೊದಲ ಕಾಲಮ್ಮಿನಲ್ಲಿ ಬರೀ ‘1’ ಅಂತಿದೆಯಾ? ಹೈಸ್ಯಾಟ್2 ಕೊಟ್ಟ ಬ್ಯಾಮ್ ಫೈಲಿನಲ್ಲಿ ‘ಸಿಎಚ್‌ಆರ್1’ ಅಂತಿದೆಯಾ? ಅಲ್ಲೇ ಸಿಕ್ಕಿಬಿತ್ತು: ಒಂದೇ ಕ್ರೋಮೋಸೋಮಿಗೆ ಎರಡು ಹೆಸರು. ಎಪಿಎಂಸಿಯಲ್ಲಿ ಚೀಲದ ಮೇಲೆ ‘ಹರಿಹರ’, ಲೆಕ್ಕದ ಪುಸ್ತಕದಲ್ಲಿ ‘ಹರಿಹರ ತಾ.’ ಅಂತಿದ್ದರೆ ಗುಮಾಸ್ತನಿಗೆ ಎರಡೂ ಒಂದೇ ಅಂತ ಗೊತ್ತಾಗುತ್ತದೆ. ಎಚ್‌ಟಿಸೆಕ್-ಕೌಂಟ್‌ಗೆ ಗೊತ್ತಾಗುವುದಿಲ್ಲ. ರೀಡ್‌ಗಳನ್ನೆಲ್ಲ ‘ನೋ ಫೀಚರ್’ (ಯಾವ ಜೀನಿಗೂ ಸೇರದ್ದು) ಲೆಕ್ಕಕ್ಕೆ ತಳ್ಳಿ ಸುಮ್ನೆ ಕೂರುತ್ತದೆ.

ಹೆಸರುಗಳನ್ನು ಕೈಯಿಂದ ತಿದ್ದಲು ಹೋಗಬೇಡಿ. ಜೀನೋಮು, ಜಿಟಿಎಫ್ ಎರಡನ್ನೂ ಒಂದೇ ಕಡೆಯಿಂದ, ಒಂದೇ ಆವೃತ್ತಿಯದ್ದು ತೆಗೆದುಕೊಂಡು ಮತ್ತೆ ಓಡಿಸಿ. ಒಂದೇ ಸ್ಯಾಂಪಲ್ ಹಾಕಿ ನೋಡಿ, ಸಂಖ್ಯೆ ಬಂದ ಮೇಲೆ ಉಳಿದದ್ದು. ನಾನು ಹಿಂದೊಮ್ಮೆ ಹನ್ನೆರಡನ್ನೂ ಒಟ್ಟಿಗೆ ಹಾಕಿ ಒಂದು ವಾರ ಕಳೆದುಕೊಂಡವನು.

ಪೂರ್ತಿ ಸೊನ್ನೆ ಅಲ್ಲ, ತೀರಾ ಕಡಿಮೆ ಬಂದಿದೆ ಅನ್ನುವವರು ‘ಸ್ಟ್ರಾಂಡೆಡ್’ (ರೀಡ್ ಡಿಎನ್‌ಎಯ ಯಾವ ಎಳೆಯದ್ದು ಅನ್ನುವ ಗುರುತು ಉಳಿದಿದೆಯಾ) ಆಯ್ಕೆ ನೋಡಿಕೊಳ್ಳಿ. ಎಚ್‌ಟಿಸೆಕ್ ತಾನಾಗಿಯೇ ‘ಯೆಸ್’ ಅಂದುಕೊಳ್ಳುತ್ತದೆ. ನಿಮ್ಮ ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸಿದ ಸ್ಯಾಂಪಲ್) ಸ್ಟ್ರಾಂಡೆಡ್ ಅಲ್ಲದಿದ್ದರೆ ಹೆಚ್ಚೂಕಡಿಮೆ ಅರ್ಧ ರೀಡ್ ಹೋಯಿತು. ಉಲ್ಟಾ ಸ್ಟ್ರಾಂಡಿನದ್ದಾದರೆ ಇನ್ನೂ ಜಾಸ್ತಿ. ಯಾವ ಕಿಟ್ ಬಳಸಿದರು ಅಂತ ಲ್ಯಾಬಿನವರನ್ನೇ ಕೇಳಿ, ಊಹೆ ಬೇಡ.

ಪ್ರಶ್ನೆ: ನನ್ನ ಕೆಲಸ ಬೆಳಗಿನಿಂದ ಬೂದು ಬಣ್ಣದಲ್ಲೇ ಇದೆ. ಅಳಿಸಿ ಮತ್ತೆ ಹಾಕಲಾ?
— ಚಿತ್ರದುರ್ಗ

ಉತ್ತರ: ಅದು ಸರತಿಯಲ್ಲಿದೆ. ಅಳಿಸಿದರೆ ಮತ್ತೆ ಕೊನೆಗೆ ಹೋಗಿ ನಿಲ್ಲುತ್ತೀರಿ.

ಪ್ರಶ್ನೆ: ಮೂರು ದಿನದಲ್ಲಿ ಗ್ಯಾಲಕ್ಸಿ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ, ಎಂಟು ಸಾವಿರ. ಸೇರಬಹುದಾ?
— ಹೊಳಲ್ಕೆರೆ

ಉತ್ತರ: ಗ್ಯಾಲಕ್ಸಿಯೂ ಬಿಟ್ಟಿ, ಗ್ಯಾಲಕ್ಸಿ ಟ್ರೈನಿಂಗ್ ನೆಟ್‌ವರ್ಕ್‌ನ ಪಾಠಗಳೂ ಬಿಟ್ಟಿ. ಆ ದುಡ್ಡು ಮನೆಯಲ್ಲೇ ಇರಲಿ.

ಪ್ರಶ್ನೆ: ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ತೆರೆದರೆ ತೊಂದರೆಯಾ?
— ಚಳ್ಳಕೆರೆ

ಉತ್ತರ: ಮನುಷ್ಯನ ‘ಮಾರ್ಚ್1’ ಜೀನನ್ನು ಎಕ್ಸೆಲ್ ಮಾರ್ಚ್ ಒಂದನೇ ತಾರೀಕು ಮಾಡಿಬಿಡುತ್ತಿತ್ತು. ಆಗ ಸಾಫ್ಟ್‌ವೇರ್ ಬದಲಾಗಲಿಲ್ಲ, 2020ರ ಹೊತ್ತಿಗೆ ಜೀನಿನ ಹೆಸರನ್ನೇ ‘ಮಾರ್ಚ್‌ಎಫ್1’ ಅಂತ ಬದಲಿಸಿದರು. ತೆರೆಯಲೇಬೇಕಾದರೆ ಆ ಕಾಲಮ್ಮನ್ನು ‘ಟೆಕ್ಸ್ಟ್’ ಅಂತ ಆರಿಸಿ ಇಂಪೋರ್ಟ್ ಮಾಡಿ. ಮೂಲ ಫೈಲ್ ಮೇಲೆ ಮಾತ್ರ ಸೇವ್ ಒತ್ತಬೇಡಿ.