ಓದುಗರ ಪ್ರಶ್ನೆ: ಕೆಲಸ ಹೋದ ಮೇಲೆ ಮರಗೆಲಸ

ಪ್ರಶ್ನೆ: ಕಂಪನಿ ಕೆಲಸ ಹೋಗಿದೆ. ಹವ್ಯಾಸಕ್ಕೆಂದು ಕಲಿತ ಮರಗೆಲಸವನ್ನೇ ಸಣ್ಣ ಉದ್ಯಮ ಮಾಡಿಕೊಳ್ಳುವ ಯೋಚನೆ. ಕೈಗೆ ಬಂದ ಹಣದಲ್ಲಿ ಮೊದಲು ಯಾವ ಯಂತ್ರ ಕೊಳ್ಳಲಿ?

ಉತ್ತರ: ಮೊದಲು ಆರು ತಿಂಗಳ ಮನೆಖರ್ಚನ್ನು ಬೇರೆ ಎತ್ತಿಡಿ. ಉಳಿದದ್ದಷ್ಟೇ ಬಂಡವಾಳ. ಆಮೇಲೆ ಮಾರುವ ವಸ್ತು ಯಾವುದೆಂದು ನಿರ್ಧರಿಸಿ. ಯಂತ್ರದ ಪಟ್ಟಿ ಅದರಿಂದಲೇ ಹುಟ್ಟುತ್ತದೆ. ಕೇಳಿದ್ದನ್ನೆಲ್ಲ ಮಾಡಿಕೊಡಲು ಹೊರಟರೆ ಪ್ರತಿ ಸಲವೂ ಹೊಸ ಅಳತೆ, ಹೊಸ ಜಿಗ್ (ಕೊಯ್ಯುವಾಗ, ಕೊರೆಯುವಾಗ ಅಳತೆ ತಪ್ಪದಂತೆ ಹಿಡಿದಿಡುವ ಅಚ್ಚು), ಹೊಸ ತಪ್ಪು. ಒಂದೆರಡು ವಸ್ತುಗಳನ್ನೇ ಮತ್ತೆ ಮತ್ತೆ ಮಾಡಿ, ಕೊಯ್ಯಲು, ಜೋಡಿಸಲು, ಉಜ್ಜಲು, ಪಾಲಿಶ್‌ಗೆ ಎಷ್ಟೆಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ.

ಆರಂಭಕ್ಕೆ ನೇರ ಕೊಯ್ಯಲು ಗೈಡ್ ರೈಲ್ ಇರುವ ಸರ್ಕ್ಯುಲರ್ ಸಾ (ದುಂಡು ಗರಗಸ), ಡ್ರಿಲ್, ಗಾಡಿ ಕೊರೆಯುವ, ಅಂಚು ರೂಪಿಸುವ ರೂಟರ್, ಉಜ್ಜುವ ಆರ್ಬಿಟಲ್ ಸ್ಯಾಂಡರ್, ಉಳಿಗಳು ಮತ್ತು ನಂಬಿಕಸ್ತ ಮೂಲೆಮಟ್ಟ ಸಾಕು. ಅಂಟು ಒಣಗುವವರೆಗೆ ಬಿಗಿಹಿಡಿಯುವ ಕ್ಲಾಂಪ್‌ಗಳಲ್ಲಿ ಮಾತ್ರ ಜಿಪುಣತನ ಬೇಡ: ನಾಲ್ಕು ಅಡಿ ಉದ್ದದ ಹಲಗೆ ಅಂಟಿಸಲು ಮೇಲೊಂದು ಕೆಳಗೊಂದರಂತೆ ಐದಾರು ಬೇಕೇ ಬೇಕು. ದಪ್ಪ ಹಲಗೆ ಕೀಸುವುದನ್ನು ಸದ್ಯಕ್ಕೆ ಬೇರೆ ಕಾರ್ಖಾನೆಯಲ್ಲಿ ಕೂಲಿ ಕೊಟ್ಟು ಮಾಡಿಸಿ. ಆ ಕೂಲಿಯ ಮೊತ್ತ ತಿಂಗಳಿಂದ ತಿಂಗಳಿಗೆ ಏರತೊಡಗಿದಾಗ ಕೀಸುವ ಯಂತ್ರ, ಅಂದರೆ ಪ್ಲೇನರ್, ಕೊಂಡರಾಯಿತು. ಧೂಳು ಹೀರುವ ವ್ಯಾಕ್ಯೂಮ್, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಮೊದಲ ದಿನದಿಂದಲೇ ಇರಲಿ.

ಪ್ರಶ್ನೆ: ಪರಿಚಿತರಿಗೆ ಮಾಡಿಕೊಟ್ಟ ಮೇಜಿನ ಹಲಗೆ ಕೆಲವೇ ತಿಂಗಳಲ್ಲಿ ಉದ್ದಕ್ಕೂ ಸೀಳಿತು. ಅಂಟು ಕಳಪೆಯೇ?

ಉತ್ತರ: ಸೀಳು ಅಂಟಿಸಿದ ಗೆರೆಯಲ್ಲಿಲ್ಲದೆ ಮರದೊಳಗೇ ಬಂದಿದ್ದರೆ ಅಂಟಿನ ತಪ್ಪಲ್ಲ. ಮರ ತನ್ನ ನಾರಿನೆಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ; ಅಡ್ಡಕ್ಕೆ ಮಾತ್ರ ತೇವ ಏರಿಳಿದಂತೆ ಹಿಗ್ಗಿ ಕುಗ್ಗುತ್ತದೆ. ತೇವಾಂಶ 12ರಿಂದ ಶೇ. 8ಕ್ಕೆ ಇಳಿದರೆ 24 ಇಂಚು ಅಗಲದ ಹಲಗೆ ನಾಲ್ಕರಿಂದ ಆರು ಮಿ.ಮೀ. ಕುಗ್ಗಬಹುದು. ನಾಲ್ಕೂ ಬದಿಯ ಚೌಕಟ್ಟಿಗೆ ಸ್ಕ್ರೂ ಬಿಗಿದು ಕಟ್ಟಿಹಾಕಿದರೆ ಅದು ಸೀಳದೆ ಇನ್ನೇನು ಮಾಡೀತು? ಅಡ್ಡಪಟ್ಟಿಯ ಸ್ಕ್ರೂ ರಂಧ್ರಗಳನ್ನು ಮೇಜಿನ ಅಗಲದ ದಿಕ್ಕಿಗೆ ಉದ್ದುದ್ದವಾಗಿ ಕೊರೆದು, ವಾಷರ್ ಹಾಕಿ, ಮರ ಸರಿಯುವಷ್ಟು ಸಡಿಲ ಬಿಡಿ. ಕೊಳ್ಳುವಾಗಲೇ ತೇವಮಾಪಕ ಚುಚ್ಚಿ ನೋಡಿ. ಮನೆಯೊಳಗಿನ ಪೀಠೋಪಕರಣಕ್ಕೆ ಶೇ. 8ರಿಂದ 12 ಸೂಕ್ತ. ಅಂಗಡಿಯವರ 'ಒಣಗಿದ ಮರ' ಎಂಬ ಮಾತಿಗಿಂತ ಮಾಪಕದ ಮಾತು ವಾಸಿ. ತಂದ ಮರವನ್ನು ನಡುವೆ ರೀಪು ಇಟ್ಟು ಪೇರಿಸಿ, ಎರಡು ವಾರವಾದರೂ ಬಿಟ್ಟು ಕೊಯ್ಯಿರಿ.

ಪ್ರಶ್ನೆ: ಬೆಲೆ ಹೇಗೆ ಕಟ್ಟುವುದು? ಮರದ ಖರ್ಚಿನ ಎರಡು ಪಟ್ಟು ಸರಿಯೇ?

ಉತ್ತರ: ಸರಿಯಲ್ಲ. ಆ ಲೆಕ್ಕದಲ್ಲಿ ಅಗ್ಗದ ಮರದ ಕುಸುರಿ ಕೆಲಸ ನಷ್ಟಕ್ಕೆ ಹೋಗುತ್ತದೆ. ಮರದ ಖರ್ಚನ್ನೇ ಕಡಿಮೆ ಹಿಡಿಯುವವರೂ ಬಹಳ. 48×24 ಇಂಚಿನ, ಒಂದಿಂಚು ದಪ್ಪದ ಮೇಲ್ಹಲಗೆಗೆ ಎರಡಿಂಚು ಚೌಕದ ನಾಲ್ಕು ಕಾಲು, ನಾಲ್ಕು ಪಟ್ಟಿ ಸೇರಿದ ಮೇಜಿನಲ್ಲಿ ಕೊನೆಗೆ ಉಳಿಯುವ ಮರ ಸುಮಾರು 1.2 ಘನ ಅಡಿ. ಆದರೆ ಒಂದಿಂಚಿಗೆ ಕೀಸಲು ಒಂದೂಕಾಲು ಇಂಚಿನ ಹಲಗೆ ಬೇಕು; ಜತೆಗೆ ಗಂಟು, ತುದಿಯ ಸೀಳು, ಪ್ರತಿ ಕೊಯ್ತಕ್ಕೆ ಗರಗಸ ತಿನ್ನುವ ಮೂರು ಮಿ.ಮೀ. ಹೀಗಾಗಿ ಕೊಳ್ಳಬೇಕಾದದ್ದು ಸುಮಾರು 1.75 ಘನ ಅಡಿ.

ಕೂಲಿಗೆ ಬನ್ನಿ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಎಂದರೆ 208 ಗಂಟೆ. ಮರ ತರುವುದು, ಗಿರಾಕಿಯ ಜತೆ ಮಾತು, ಉಳಿ ಮಸೆಯುವುದು, ಸಾಗಾಟ ಎಂದು ಅರ್ಧ ಹೋಗುತ್ತದೆ. ಮನೆಖರ್ಚು, ಬಾಡಿಗೆ, ವಿದ್ಯುತ್, ಯಂತ್ರದ ಸವಕಳಿ ಕೂಡಿಸಿ ಉಳಿದ 104 ಗಂಟೆಯಿಂದ ಭಾಗಿಸಿ; ಅದು ನಿಮ್ಮ ಗಂಟೆಯ ದರ. ಅದನ್ನು ಬರೆದಿಟ್ಟ ಗಂಟೆಗಳಿಂದ ಗುಣಿಸಿ, ಸಾಮಗ್ರಿಯ ಖರ್ಚು ಸೇರಿಸಿ, ಮೇಲೆ ಲಾಭ ಇಡಿ. ಅರ್ಧ ಹಣ ಮುಂಗಡ ಬಂದ ಮೇಲೆಯೇ ಮರ ಕೊಳ್ಳಿ. ಅಳತೆಯ ಚಿತ್ರಕ್ಕೆ ಗಿರಾಕಿಯ ಸಹಿ ಇರಲಿ.

ಪ್ರಶ್ನೆ: ಮರಕ್ಕೆ ಅಗಸೆ ಎಣ್ಣೆ ಹಚ್ಚಲು ಬಳಸಿದ ಬಟ್ಟೆಯನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದೇ?

ಉತ್ತರ: ಮುದ್ದೆ ಮಾಡಿ ಇಡಲೇಬೇಡಿ. ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಹೊರದಾರಿ ಇರುವುದಿಲ್ಲ. ಕಿಡಿ ಸೋಕದೆಯೂ ಬೆಂಕಿ ಹತ್ತುತ್ತದೆ. ಹೊರಗೆ ಒಂದೊಂದಾಗಿ ಹರವಿ ಗಡುಸಾಗುವವರೆಗೆ ಒಣಗಿಸಿ, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.