ಹೆಣ್ಣುಮಕ್ಕಳಿಗಾಗಿ ಮಾಡಿದ ಅನಿಮೆಯಲ್ಲಿ ದುಡ್ಡಿದೆಯಾ?

ಪ್ರಶ್ನೆ: ಅಕ್ಕಾ, ನಾನೂ ನನ್ನ ಗೆಳೆಯನೂ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಹುಚ್ಚು ಹಿಡಿಸಿಕೊಂಡವರು. ಅವನ ಪ್ರಕಾರ ಅನಿಮೆಯಲ್ಲಿ ದುಡ್ಡು ಹುಟ್ಟುವುದು ಹುಡುಗರ ಹೊಡೆದಾಟದ ಕತೆಗಳಿಂದ ಮಾತ್ರ. ಹೆಣ್ಣುಮಕ್ಕಳಿಗೆ ಅಂತ ಮಾಡಿದ್ದು ನೋಡೋಕೆ ಚೆಂದ, ಲೆಕ್ಕಕ್ಕೆ ಕೂತರೆ ನಷ್ಟ ಅಂತಾನೆ. ಇದು ನಿಜವಾ?

ಉತ್ತರ: ನಿಮ್ಮ ಗೆಳೆಯ ಒಂದು ಭಾನುವಾರ ಟೋಕಿಯೋದ ಇಕೆಬುಕುರೊದಲ್ಲಿ ನಿಂತು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ. ಅಲ್ಲಿ ಅನಿಮೇಟ್ ಅನ್ನುವ ಅಂಗಡಿಯ ಮುಖ್ಯ ಮಳಿಗೆ ಇದೆ. ಮಹಡಿ ಮೇಲೆ ಮಹಡಿ, ಎಲ್ಲಾ ಅನಿಮೆ ಸಾಮಾನು. ಪಕ್ಕದಲ್ಲೇ ನಾಕಾ-ಇಕೆಬುಕುರೊ ಅಂತ ಒಂದು ಪುಟ್ಟ ಪಾರ್ಕು. ನಾನು ಹೋದಾಗ ಪಾರ್ಕಿನ ತುಂಬಾ ಹೆಂಗಸರೇ. ಕಾಲೇಜಿನವರು, ಆಫೀಸಿಗೆ ಹೋಗುವವರು, ಒಬ್ಬಿಬ್ಬರು ನನ್ನ ವಯಸ್ಸಿನವರು. ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಜೇಬುಗಳ ಫೈಲು. ಜೇಬಿಗೊಂದು ತಗಡಿನ ಬ್ಯಾಡ್ಜು, ಬ್ಯಾಡ್ಜಿಗೊಂದು ಅನಿಮೆ ಪಾತ್ರದ ಮುಖ.

ಈ ಬ್ಯಾಡ್ಜು ಮಾರುವುದು ಒಳಗೇನಿದೆ ಅಂತ ಕಾಣದ ಪೊಟ್ಟಣದಲ್ಲಿ. ಒಂದಕ್ಕೆ ಸುಮಾರು 400-500 ಯೆನ್. ನಿಮಗೆ ನೀಲಿ ಕೂದಲಿನವನು ಬೇಕು, ಒಡೆದು ನೋಡಿದರೆ ಕೆಂಪು ಕೂದಲಿನವನು. ಅದಕ್ಕೇ ಪಾರ್ಕಿನಲ್ಲಿ ಅದಲು ಬದಲು. ನನ್ನೆದುರು ಕೂತಿದ್ದ ಹುಡುಗಿಯ ಕೈಚೀಲದ ಮುಂಭಾಗ ಪಾರದರ್ಶಕ. ಅದರೊಳಗೆ ಸಾಲು ಸಾಲಾಗಿ ಒಬ್ಬನದೇ ಮುಖ. ಅದೇ ನಗು, ಅದೇ ಬ್ಯಾಡ್ಜು, ಸುಮಾರು ನಲವತ್ತು ಸಲ. ಆ ಚೀಲದ ಮುಖಬೆಲೆಯನ್ನು ನೀವೇ ಗುಣಿಸಿಕೊಳ್ಳಿ. ಇನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದ ನಿಲ್ಲಿಸುವ ಗೊಂಬೆ, ಕೀಚೈನು, ಅವನ ಹುಟ್ಟುಹಬ್ಬಕ್ಕೆ ಅಂತಲೇ ಬರುವ ಬೇರೆ ಬ್ಯಾಡ್ಜು! ಹನಿಹನಿ ಕೂಡಿದರೆ ಹಳ್ಳ ಅನ್ನುವುದು ಇಕೆಬುಕುರೊದ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು.

ಇಲ್ಲಿ ಒಂದು ವಿಷಯ ತಿಳಿದಿರಲಿ. ಜಪಾನಿನಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಬರುವ ಅನಿಮೆ, ಟೀವಿಯಲ್ಲಿ ಓಡಿದ್ದರಿಂದಲೇ ದುಡ್ಡು ಮಾಡುವುದಿಲ್ಲ. ಪ್ರಕಾಶಕರು, ಹಾಡಿನ ಕಂಪನಿ, ಆಟಿಕೆ ಕಂಪನಿ, ಟೀವಿ ಚಾನೆಲ್ ಎಲ್ಲಾ ಸೇರಿ ಒಂದು ನಿರ್ಮಾಣ ಸಮಿತಿ ಮಾಡಿಕೊಳ್ಳುತ್ತಾರೆ. ಪಾಲಿಗೆ ತಕ್ಕಂತೆ ದುಡ್ಡು ಹಾಕುತ್ತಾರೆ. ಎಷ್ಟೋ ಸಲ ಪ್ರಸಾರದ ಹೊತ್ತನ್ನೂ ತಾವೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅಸಲು ಬರಬೇಕಾದ್ದು ಆಮೇಲೆ: ಡಿಸ್ಕು (ಡಿವಿಡಿ, ಬ್ಲೂ-ರೇ), ಹಾಡು, ಬ್ಯಾಡ್ಜು, ಸಿನಿಮಾ, ನಾಟಕ, ವಿದೇಶಿ ಹಕ್ಕು. ಹಾಗಾಗಿ ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ, ನೋಡಿದವರು ಆಮೇಲೆ ಏನು ಮಾಡಿದರು ಅನ್ನುವುದೇ ಮುಖ್ಯ. ಈ ಆಮೇಲಿನ ಕೆಲಸದಲ್ಲಿ ಹೆಣ್ಣು ಅಭಿಮಾನಿಗಳನ್ನು ಮೀರಿಸುವುದು ಕಷ್ಟ.

'ಕಿಂಗ್ ಆಫ್ ಪ್ರಿಸಂ' ಕತೆ ಕೇಳಿ. 2013ರಲ್ಲಿ 'ಪ್ರಿಟಿ ರಿದಂ' ಅನ್ನುವ ಚಿಕ್ಕ ಹುಡುಗಿಯರ ಟೀವಿ ಸರಣಿಯ ಒಂದು ಭಾಗ ಬಂದಿತ್ತು. ಅದರಲ್ಲಿ ಪಕ್ಕದ ಪಾತ್ರಗಳಾಗಿದ್ದ ಮೂವರು ಹುಡುಗರನ್ನು ಹಿಡಿದು ಮಾಡಿದ ಸಿನಿಮಾ ಇದು. 2016ರ ಜನವರಿಯಲ್ಲಿ ಬಿಡುಗಡೆ ಆದಾಗ ಸಿಕ್ಕಿದ್ದು ಬರೀ 14 ಚಿತ್ರಮಂದಿರ. ಮೊದಲಿಗೆ ಜನ ಅಷ್ಟಕ್ಕಷ್ಟೆ. ಆದರೆ ಇದರಲ್ಲಿ ಕೂಗುವ ಆಟ ಅಂತ ಒಂದಿತ್ತು. ಪ್ರೇಕ್ಷಕರು ಬಣ್ಣದ ದೀಪದ ಕಡ್ಡಿ ಬೀಸಬಹುದು, ಕಿರುಚಬಹುದು. ಅಷ್ಟೇ ಅಲ್ಲ, ಪರದೆಯ ಮೇಲೆ ಪ್ರೇಕ್ಷಕರ ಮಾತು ಅಕ್ಷರದಲ್ಲಿ ಬರುತ್ತದೆ. ಹೀರೋ ಒಂದು ಮಾತು ಹೇಳಿ ಸುಮ್ಮನಾಗುತ್ತಾನೆ, ಇಡೀ ಹಾಲು ಒಂದೇ ದನಿಯಲ್ಲಿ ಉತ್ತರ ಕೊಡುತ್ತದೆ. ಹಾಡಿನ ನಡುವೆ ಯಾವ ಹುಡುಗ ಮುಂದೆ ಬಂದರೆ ಕಡ್ಡಿಗೆ ಯಾವ ಬಣ್ಣ ಅನ್ನುವುದು ಎಲ್ಲರಿಗೂ ಬಾಯಿಪಾಠ. ಮೊದಲ ಸಲ ಹೋದವಳಿಗೆ ಗೊತ್ತಿರಲ್ಲ. ಹಾಗಾಗಿ ಎರಡನೇ ಸಲ ಹೋಗುತ್ತಾಳೆ, ಜೊತೆಗೆ ಗೆಳತಿಯನ್ನು ಎಳೆದುಕೊಂಡು. ಸಿನಿಮಾ ತಿಂಗಳುಗಟ್ಟಲೆ ಓಡಿತು. ಕೊನೆಗೆ ಗಳಿಸಿದ್ದು 80 ಕೋಟಿ ಯೆನ್ ಹತ್ತಿರ. 14 ಹಾಲಿನಲ್ಲಿ ಶುರುವಾದ ಸಿನಿಮಾಕ್ಕೆ! ಆಮೇಲೆ 2019ರಲ್ಲಿ 'ಉತಾ ನೊ ಪ್ರಿನ್ಸ್-ಸಾಮಾ' ಸಿನಿಮಾ ಬಂತು. ಅದರಲ್ಲಿ ಕತೆ ಹುಡುಕಬೇಡಿ, ಪೂರ್ತಿ ಹುಡುಗರ ಸಂಗೀತ ಕಚೇರಿ. ಅದೂ 100 ಕೋಟಿ ಯೆನ್ ದಾಟಿತು.

ನಿಮ್ಮ ಗೆಳೆಯ ಈಗ ಹೇಳುತ್ತಾನೆ, ಇವೆಲ್ಲಾ ಚಿಕ್ಕ ಮೀನು, ಸಾವಿರ ಕೋಟಿಯ ಮಾತು ಬೇರೆ ಅಂತ. ಸರಿ, ಅವನ ಗದ್ದೆಗೇ ಹೋಗೋಣ. 2018ರ 'ಡಿಟೆಕ್ಟಿವ್ ಕೋನನ್' ಸಿನಿಮಾ ತೆಗೆದುಕೊಳ್ಳಿ. ಮನೆಮಂದಿಯೆಲ್ಲಾ ನೋಡುವ ಪತ್ತೇದಾರಿ ಸರಣಿ, ಹೆಂಗಸರಿಗೆ ಅಂತ ಮಾಡಿದ್ದಲ್ಲ. ಆದರೆ ಆ ವರ್ಷ ಕತೆಯ ನಡುವೆ ನಿಂತವನು ಅಮುರೊ ತೋರು ಅನ್ನುವ ಗುಪ್ತ ಪೊಲೀಸು. ಹೆಣ್ಣುಮಕ್ಕಳು ಅವನನ್ನು ಸಾವಿರ ಕೋಟಿ ಯೆನ್ ಗಂಡಸು ಮಾಡಿಯೇ ಬಿಡುತ್ತೇವೆ ಅಂತ ಹಟ ಹಿಡಿದರು. ಅದೇ ಸಿನಿಮಾವನ್ನು ಮತ್ತೆ ಮತ್ತೆ ನೋಡಿದರು. ಸಾವಿರ ಆಗಲಿಲ್ಲ, 918 ಕೋಟಿಗೆ ನಿಂತಿತು. ಆವರೆಗಿನ ಕೋನನ್ ಸಿನಿಮಾಗಳಲ್ಲೇ ಅದು ಜಾಸ್ತಿ. 2024ರ 'ಹೈಕ್ಯು' ವಾಲಿಬಾಲ್ ಸಿನಿಮಾ ಸಾವಿರ ಕೋಟಿ ಯೆನ್ ದಾಟಿತು. ಅದು ಬಂದದ್ದು ಹುಡುಗರ ವಾರಪತ್ರಿಕೆ 'ಶೋನೆನ್ ಜಂಪ್'ನಿಂದ. ಅದರ ಬ್ಯಾಡ್ಜುಗಳನ್ನು ಪಾರ್ಕಿನಲ್ಲಿ ಅದಲು ಬದಲು ಮಾಡುತ್ತಿದ್ದವರು ಯಾರು ಅಂತ ನಾನು ಹೇಳಬೇಕಾ?

ಇದೇನು ಹೊಸದಲ್ಲ. ಟೋಕಿಯೋದ ಕಾಮಿಕೆಟ್ ಅನ್ನುವ ಅಭಿಮಾನಿಗಳ ಸಂತೆ 1975ರ ಡಿಸೆಂಬರಿನಲ್ಲಿ ಶುರುವಾದಾಗ ಬಂದಿದ್ದ ಸುಮಾರು 700 ಜನರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ ಹುಡುಗಿಯರು. 80ರ ದಶಕದಲ್ಲಿ 'ಕ್ಯಾಪ್ಟನ್ ತ್ಸುಬಾಸಾ' ಅನ್ನುವ ಹುಡುಗರ ಫುಟ್‌ಬಾಲ್ ಕತೆಯನ್ನು ಹಿಡಿದುಕೊಂಡು ತಮ್ಮದೇ ಕತೆ ಬರೆದು ಅದೇ ಸಂತೆಯಲ್ಲಿ ಮಾರಿದವರೂ ಹುಡುಗಿಯರೇ. ಹುಡುಗರದ್ದು, ಹುಡುಗಿಯರದ್ದು ಅನ್ನುವ ಗೆರೆ ಪತ್ರಿಕೆಯ ರಕ್ಷಾಪುಟದಲ್ಲಿ ಇರುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ.

ಹಾಗಂತ ಹೆಂಗಸರಿಗೆ ಅಂತ ಮಾಡಿದ್ದೆಲ್ಲಾ ಗೆಲ್ಲುತ್ತದಾ? ಎಲ್ಲಿ ಬಂತು! ಸೋಲುವುದೇ ಜಾಸ್ತಿ. ಏಳೆಂಟು ಚೆಂದದ ಹುಡುಗರು, ತಲೆಗೊಂದು ಬಣ್ಣದ ಕೂದಲು, ಒಬ್ಬ ಮೌನಿ, ಒಬ್ಬ ತುಂಟ, ಒಬ್ಬ ಕನ್ನಡಕ. ಹಾಡು ಮೊದಲು, ಬ್ಯಾಡ್ಜು ಆಮೇಲೆ, ಕತೆ ಕಡೆಗೆ. ಇಂಥದ್ದು ವರ್ಷಕ್ಕೆ ಎಷ್ಟೋ ಬರುತ್ತವೆ, ಮೂರು ತಿಂಗಳಿಗೆ ಮರೆತುಹೋಗುತ್ತವೆ. ಮುಖ ಚೆನ್ನಾಗಿದ್ದರೆ ಸಾಕು, ಹೆಂಗಸರು ಕೊಳ್ಳುತ್ತಾರೆ ಅಂತ ಸಮಿತಿಯಲ್ಲಿ ಕೂತ ಯಾರೋ ತೀರ್ಮಾನ ಮಾಡಿರುತ್ತಾರೆ.

ಅವರಿಗೆ 'ಒಸೊಮತ್ಸು-ಸಾನ್' ತೋರಿಸಬೇಕು. ಫುಜಿಯೊ ಅಕತ್ಸುಕ 1962ರಲ್ಲಿ ಶುರು ಮಾಡಿದ ಹಾಸ್ಯ ಮಾಂಗಾದಲ್ಲಿ, ಅಂದರೆ ಜಪಾನಿನ ಚಿತ್ರಕತೆಯಲ್ಲಿ, ಆರು ಜನ ಅವಳಿ ಅಣ್ಣತಮ್ಮಂದಿರಿದ್ದರು. ಆರಕ್ಕೆ ಅವಳಿ ಅನ್ನಬಾರದು ನಿಜ, ನಮ್ಮಲ್ಲಿ ಬೇರೆ ಮಾತಿಲ್ಲ! 2015ರ ಅನಿಮೆಯಲ್ಲಿ ಅವರು ಬೆಳೆದು ದೊಡ್ಡವರು. ಆರಕ್ಕೆ ಆರೂ ಕೆಲಸವಿಲ್ಲದ ಉಂಡಾಡಿಗಳು, ಅಪ್ಪ-ಅಮ್ಮನ ಅನ್ನ ತಿಂದು ಒಂದೇ ಉದ್ದನೆ ಹಾಸಿಗೆಯಲ್ಲಿ ಮಲಗುವವರು. ಆರು ಜನಕ್ಕೂ ಒಂದೇ ಮುಖ, ಅದೂ ಚೆಂದದ ಮುಖವೇನಲ್ಲ. ಗುರುತಿಗೆ ಅಂಗಿಯ ಬಣ್ಣ ಮಾತ್ರ ಬೇರೆ. ಆದರೆ ಒಬ್ಬೊಬ್ಬನ ಸ್ವಭಾವ ಎಷ್ಟು ಸ್ಪಷ್ಟ ಅಂದರೆ ಬೆನ್ನು ನೋಡಿಯೇ ಹೇಳಬಹುದು. ದನಿ ಕೊಟ್ಟವರು ಆರು ಜನ ಹೆಸರಾಂತ ಕಲಾವಿದರು. ಹೆಂಗಸರು ಮುಗಿಬಿದ್ದರು. ಅಂಗಡಿಗಳಲ್ಲಿ ಆ ಆರು ಬಣ್ಣ ಬಿಟ್ಟರೆ ಬೇರೇನೂ ಕಾಣದಂತಾಯಿತು. ಚೆಲುವಿನ ಲೆಕ್ಕ ಎಲ್ಲಿ ಹೋಯಿತು ಹಾಗಾದರೆ? ನನಗನ್ನಿಸುವುದು, ಹೆಣ್ಣು ಅಭಿಮಾನಿ ದುಡ್ಡು ಕೊಡುವುದು ಪಾತ್ರಗಳ ನಡುವಿನ ಸಂಬಂಧಕ್ಕೆ. ಯಾರು ಯಾರ ಮೇಲೆ ಮುನಿಸಿಕೊಂಡ, ಯಾರು ಬಾಯಿಬಿಟ್ಟು ಹೇಳಲಿಲ್ಲ ಅನ್ನುವುದಕ್ಕೆ. ಅಲ್ಲಿ ಜಾಗ ಇದ್ದರೆ ಮಿಕ್ಕ ಕತೆ ಅವಳೇ ಕಟ್ಟಿಕೊಳ್ಳುತ್ತಾಳೆ, ಬ್ಯಾಡ್ಜನ್ನೂ ಕೊಳ್ಳುತ್ತಾಳೆ.

ಪ್ರಶ್ನೆ: ಮುಖ ಕಾಣದ ಪೊಟ್ಟಣದಲ್ಲಿ ಬ್ಯಾಡ್ಜು ಮಾರುವುದು ಅಭಿಮಾನಿಗಳ ಸುಲಿಗೆ ಅಲ್ವಾ?

ಉತ್ತರ: ಹೌದು. ನನಗೂ ಇಷ್ಟವಿಲ್ಲ. ನಾನು ಕೊಂಡ ಪೊಟ್ಟಣದಲ್ಲಿ ಬಂದವನು ಇಡೀ ಸರಣಿಯಲ್ಲಿ ನನಗೆ ಆಗದ ಒಬ್ಬನೇ ಒಬ್ಬ, ಈಗಲೂ ಮೇಜಿನ ಖಾನೆಯಲ್ಲಿ ಬಿದ್ದುಕೊಂಡಿದ್ದಾನೆ. ಎಲ್ಲರಿಗೂ ಬೇಕಾದವನೂ ಯಾರಿಗೂ ಬೇಡವಾದವನೂ ಒಂದೇ ಬೆಲೆಗೆ ಹೋಗಲಿ ಅನ್ನುವುದೇ ಇದರ ಹಿಂದಿನ ಲೆಕ್ಕ. ಆದರೆ ಅಭಿಮಾನಿಗಳು ಪೆದ್ದರು ಅಂದುಕೊಳ್ಳಬೇಡಿ. ನಾಲ್ಕು ಜನ ಸೇರಿ ಇಡೀ ಡಬ್ಬ ಕೊಂಡು ತಮ್ಮ ತಮ್ಮವನನ್ನು ಹಂಚಿಕೊಳ್ಳುವವರಿದ್ದಾರೆ.

ದುಡ್ಡು ಬರೀ ತಗಡಿಗೆ ಹೋಗುತ್ತದೆ ಅಂತಲೂ ಇಲ್ಲ. 2015ರಲ್ಲಿ 'ತೊಕೆನ್ ರಾನ್ಬು' ಅನ್ನುವ ಕಂಪ್ಯೂಟರ್ ಆಟ ಬಂತು. ಜಪಾನಿನ ಹಳೆಯ ಖಡ್ಗಗಳೇ ಹುಡುಗರಾಗಿ ಬರುವ ಆಟ, ಆಮೇಲೆ ಅನಿಮೆಯೂ ಆಯಿತು. ಅದನ್ನು ಆಡಿದ ಹೆಂಗಸರು ನಿಜವಾದ ಖಡ್ಗ ನೋಡಲು ಮ್ಯೂಸಿಯಂಗಳ ಮುಂದೆ ಸಾಲು ನಿಂತರು. ಹೊತಾರುಮಾರು ಅನ್ನುವ ಖಡ್ಗ ಎರಡನೇ ಮಹಾಯುದ್ಧದ ಕೊನೆಯ ಗೊಂದಲದಲ್ಲಿ ಕಾಣೆಯಾಗಿತ್ತು. ಅದರ ಹಾಗೇ ಇನ್ನೊಂದು ಮಾಡಿ ಆಸೊ ದೇವಸ್ಥಾನಕ್ಕೆ ಕೊಡೋಣ ಅಂತ ಕಮ್ಮಾರರು ಚಂದಾ ಎತ್ತಿದರೆ ಗುರಿಯ ಹಲವು ಪಟ್ಟು ದುಡ್ಡು ಬಂತು. ಆ ಆಟದ ರಂಗನಾಟಕದ ಹುಡುಗರು 2018ರ ಡಿಸೆಂಬರ್ 31ರ ರಾತ್ರಿ ಜಪಾನಿನ ಸಾರ್ವಜನಿಕ ಟೀವಿ ಎನ್‌ಎಚ್‌ಕೆಯ ಹಾಡಿನ ಕಾರ್ಯಕ್ರಮದಲ್ಲಿ ಕುಣಿದರು. ಇಡೀ ದೇಶ ಕೂತು ನೋಡುವ ಕಾರ್ಯಕ್ರಮ ಅದು.

ಪ್ರಶ್ನೆ: ಹೆಂಗಸರ ದುಡ್ಡು ಅಷ್ಟಿದ್ದರೆ, ಹುಡುಗಿಯರ ಪ್ರೇಮಕತೆಯ ಅನಿಮೆಗಳನ್ನು ಅರ್ಧಕ್ಕೇ ಯಾಕೆ ನಿಲ್ಲಿಸುತ್ತಾರೆ?

ಉತ್ತರ: ಈ ಸಿಟ್ಟು ನನಗೂ ಇದೆ. 'ಕಿಮಿ ನಿ ತೊದೊಕೆ' ಅನಿಮೆಯ ಎರಡನೇ ಭಾಗ ಬಂದದ್ದು 2011ರಲ್ಲಿ. ಮೂರನೆಯದು 2024ರಲ್ಲಿ, ಅದೂ ನೆಟ್‌ಫ್ಲಿಕ್ಸ್‌ನಲ್ಲಿ. ಮೊದಲ ಭಾಗ ನೋಡಿದ ಶಾಲಾ ಹುಡುಗಿಗೆ ಅಷ್ಟು ಹೊತ್ತಿಗೆ ಮಕ್ಕಳಿರಬಹುದು! ಇಂಥ ಕತೆಯಲ್ಲಿ ಹುಡುಗ ಒಬ್ಬನೇ, ಹುಡುಗಿ ಒಬ್ಬಳೇ. ಬ್ಯಾಡ್ಜು ಮಾಡಿದರೂ ಎರಡೇ ಮುಖ. ಸಮಿತಿಯಲ್ಲಿರುವ ಪ್ರಕಾಶಕರಿಗೆ ಅನಿಮೆ ಅಂದರೆ ಮಾಂಗಾದ ಜಾಹೀರಾತು. ಪುಸ್ತಕ ಖರ್ಚಾದರೆ ಅವರ ಕೆಲಸ ಮುಗಿಯಿತು, ಮುಂದಿನ ಭಾಗಕ್ಕೆ ದುಡ್ಡು ಹಾಕುವವರು ಬೇರೆ ಯಾರಾದರೂ ಬೇಕು.

ಈಗ ಸ್ವಲ್ಪ ಬದಲಾಗಿದೆ. ಡಿಸ್ಕಿನ ಕಾಲದಲ್ಲಿ ಎರಡು ಕಂತಿಗೆ ಆರೇಳು ಸಾವಿರ ಯೆನ್ ಕೊಡುವವರನ್ನು ಹುಡುಕಬೇಕಿತ್ತು. ಈಗ ಬೇರೆ ಬೇರೆ ದೇಶದಲ್ಲಿ ತೋರಿಸುವ ಹಕ್ಕಿಗೆ ದುಡ್ಡು ಬರುತ್ತದೆ, ಪ್ರೇಮಕತೆಗೆ ನೋಡುಗರು ಎಲ್ಲೆಡೆ ಇದ್ದಾರೆ. 'ಫ್ರೂಟ್ಸ್ ಬಾಸ್ಕೆಟ್' 2001ರಲ್ಲಿ 26 ಕಂತಿಗೆ ನಿಂತಿತ್ತು. 2019ರಿಂದ 2021ರವರೆಗೆ ಮೊದಲಿನಿಂದ ಮತ್ತೆ ಮಾಡಿ 63 ಕಂತಿನಲ್ಲಿ ಕತೆ ಮುಗಿಸಿದರು.

ಪ್ರಶ್ನೆ: 'ಯೂರಿ ಆನ್ ಐಸ್' ಸಿನಿಮಾಕ್ಕೆ ಎಷ್ಟು ವರ್ಷ ಕಾದೆವು! ಅದು ಗೆದ್ದ ಸರಣಿ ತಾನೇ?

ಉತ್ತರ: ಗೆದ್ದ ಸರಣಿಯೇ. 2016ರಲ್ಲಿ ಬಂದ 12 ಕಂತು, ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಹುಡುಗರ ಕತೆ. ಹಿಂದೆ ಮಾಂಗಾ ಇರಲಿಲ್ಲ. ಸಾಯೊ ಯಮಮೊಟೊ ಮತ್ತು ಮಿತ್ಸುರೊ ಕುಬೊ ಅನ್ನುವ ಇಬ್ಬರು ಹೆಂಗಸರು ಕೂತು ಹುಟ್ಟಿಸಿದ ಕತೆ. ಹಿಮದ ಮೇಲಿನ ಕುಣಿತವನ್ನು ನಿಜವಾದ ಸ್ಕೇಟಿಂಗ್ ನೃತ್ಯ ಸಂಯೋಜಕ ಕೆಂಜಿ ಮಿಯಾಮೊಟೊ ಹತ್ತಿರ ಮಾಡಿಸಿದ್ದರು. ಅದಕ್ಕೇ ನಾಯಕ ಜಾರಿ ಬಿದ್ದಾಗ ನಮ್ಮ ಸೊಂಟಕ್ಕೂ ನೋವಾಗುತ್ತದೆ. ಡಿಸ್ಕು ಭರ್ಜರಿ ಖರ್ಚಾದವು. ಕತೆಯ ಊರಿಗೆ ಮಾದರಿಯಾದ ಸಾಗಾ ಪ್ರಾಂತದ ಕರತ್ಸುಗೆ ಅಭಿಮಾನಿಗಳು ಹುಡುಕಿಕೊಂಡು ಹೋದರು.

2017ರಲ್ಲಿ ಸಿನಿಮಾ ಘೋಷಣೆ ಆಯಿತು, ಆಮೇಲೆ ಮುಂದಕ್ಕೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸರಣಿ ಮಾಡಿದ ಮಾಪ್ಪಾ ಸ್ಟುಡಿಯೋ ಕೈಬಿಟ್ಟಿದ್ದೇವೆ ಅಂದಿತು. ದುಡ್ಡಿನ ಆಸೆಗಾದರೂ ಮಾಡಬಾರದಿತ್ತಾ ಅಂತ ಆವತ್ತು ನಾನೂ ಬೈದುಕೊಂಡೆ.

ಪ್ರಶ್ನೆ: ನಾನು ಗಂಡಸು, ವಯಸ್ಸು 45. ಇವೆಲ್ಲಾ ನೋಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಧಾರಾಳವಾಗಿ ನೋಡಿ, ಯಾರೂ ಟಿಕೆಟ್ ಕೇಳಲ್ಲ. 2013ರ 'ಫ್ರೀ!' ಹಾಕಿಕೊಳ್ಳಿ. ಈಜುವ ಹುಡುಗರ ಕತೆ, ನಿರ್ದೇಶಕಿ ಹಿರೊಕೊ ಉತ್ಸುಮಿ, ಮಾಡಿದ್ದು ಕ್ಯೋಟೊ ಅನಿಮೇಷನ್. ಹುಡುಗರ ಮೈಕಟ್ಟು ನೋಡೋಕೆ ಮುಜುಗರ ಆದರೆ ನೀರು ನೋಡಿ. ಕೈ ಒಳಗಿಳಿದಾಗ ಏಳುವ ಗುಳ್ಳೆ, ತಳದಲ್ಲಿ ಓಡುವ ಬೆಳಕಿನ ಗೆರೆ, ಎಲ್ಲವನ್ನೂ ಕೂತು ಬಿಡಿಸಿದ್ದಾರೆ. ಮೂರು ಕಂತು ನೋಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ. ಮುಂದಿನ ಸಂಚಿಕೆಗೆ ಬರೆಯಿರಿ, ಬೇರೆ ಹೇಳುತ್ತೇನೆ.